ಅರಗಿನ ರಿಂಗು ಮತ್ತು ಬಲಮೂಲೆಯ ಕತ್ತಲೆ

ಮೂವತ್ತೆರಡಕ್ಕೇ ನಿವೃತ್ತಿಯಾ ಎಂದು ನಗುವವರಿಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಕೆಲಸಗಾರರು ಕೆಲಸ ಬಿಟ್ಟು ಮನೆಗೆ ಹೋಗುವುದು ಒಂದು ಬಗೆಯ ನಿವೃತ್ತಿ. ಕೆಲಸವೇ ಎದ್ದು ಹೋಗಿ ಕೆಲಸಗಾರರು ಅಂಗಡಿಯಲ್ಲಿ ಕೂತಿರುವುದು ಇನ್ನೊಂದು ಬಗೆಯದು. ನನ್ನದು ಎರಡನೆಯದು. ಚನ್ನಪಟ್ಟಣದ ಒಂದು ಸ್ಟುಡಿಯೋದಲ್ಲಿ ಹತ್ತು ವರ್ಷ ಮದುವೆ ಫೋಟೋ ತೆಗೆದೆ. ಹಳೆಯ ವಿಡಿಯೊ ಕ್ಯಾಮೆರಾಗಳಿಗೆಂದು ಮಾಡಿದ್ದ ಸೆಕೆಂಡ್‌ಹ್ಯಾಂಡ್ ಗಾಜುಗಳನ್ನು ಡಿಎಸ್‌ಎಲ್‌ಆರ್ ಮೂತಿಗೆ ಕೂರಿಸುವುದರಲ್ಲೇ ಅದರಲ್ಲಿ ಅರ್ಧ ಆಯುಷ್ಯ ಹೋಯಿತು. ಈಗ ಒಂದೊಂದು ಫೋನಿನ ಬೆನ್ನಿಗೂ ಮೂರು ಕಣ್ಣಿವೆ, ಅಗಲಕ್ಕೊಂದು, ದೂರಕ್ಕೊಂದು, ಹತ್ತಿರಕ್ಕೊಂದು. ನಮ್ಮ ಗಾಜುಗಳನ್ನು ಕೇಳುವವರಿಲ್ಲ.

ಕೇಳುವವರಿಲ್ಲ ಎಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ಹಳೇ ಕ್ಯಾಮೆರಾ ಕೊಂಡು ಹೊಸದಾಗಿ ಕಸುಬಿಗೆ ಇಳಿಯುವ ಹುಡುಗರು, ಹುಡುಗಿಯರು ಈಗಲೂ ಬರುತ್ತಾರೆ. ಅಕ್ಕಾ, ಒಳ್ಳೇ ವೈಡ್ ಲೆನ್ಸ್ ಕೈಗೆಟುಕಲ್ಲ, ಏನಾದರೂ ಹೊಂದಿಸಿಕೊಳ್ಳಬಹುದಾ ಎನ್ನುತ್ತಾರೆ. ಹೊಂದಿಸಿಕೊಳ್ಳಬಹುದು. ಆದರೆ ಮಾರುವವನನ್ನು ನಂಬಬೇಡಿ, ಡಬ್ಬದ ಮೇಲಿನ ಅಕ್ಷರ ನಂಬಬೇಡಿ, ಕ್ಯಾಮೆರಾದ ಕಿಂಡಿಯಲ್ಲಿ ಕಂಡದ್ದನ್ನೂ ನಂಬಬೇಡಿ. ನಾನು ಹೇಳುವುದನ್ನೂ ಪರೀಕ್ಷಿಸಿಯೇ ಒಪ್ಪಿಕೊಳ್ಳಿ.

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ. ಯಾವ ವಿಷಯ ಕೊಟ್ಟರೂ ನನ್ನ ಪಾಲಿಗೆ ವಿರೋಧ ಪಕ್ಷವೇ ಬರುತ್ತಿತ್ತು. ಬರದಿದ್ದರೆ ಕೇಳಿ ಪಡೆಯುತ್ತಿದ್ದೆ. ಸ್ಟುಡಿಯೋ ಮಾಲೀಕ ಶಿವಣ್ಣ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದು ಇದಕ್ಕಲ್ಲ, ಮದುಮಗಳು ಸೀರೆ ಉಡುವ ಕೋಣೆಯೊಳಗೆ ಹೋಗಲು ಒಬ್ಬ ಹೆಣ್ಣುಮಗಳು ಬೇಕಾಗಿದ್ದಳು, ಅದಕ್ಕೆ. ಒಂದೇ ವಾರದಲ್ಲಿ ಆತ ಪಶ್ಚಾತ್ತಾಪಪಟ್ಟ. "ನೀನು ಫೋಟೋ ತೆಗಿಯೋಕೆ ಬಂದಿದ್ದೀಯೋ, ಕೇಸ್ ನಡ್ಸಕ್ಕೆ ಬಂದಿದ್ದೀಯೋ?" ಎಂದು ಗಿರಾಕಿಗಳ ಮುಂದೆಯೇ ಕೇಳುತ್ತಿದ್ದ.

ಬೆಂಗಳೂರಿನ ಭಾನುವಾರದ ಸಂತೆಯಿಂದ ಶಿವಣ್ಣ ಒಂದು ದಿನ ವೈಡ್ ಕನ್ವರ್ಟರ್ ತಂದ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಇದು ಲೆನ್ಸ್ ಅಲ್ಲ, ಲೆನ್ಸಿನ ಮುಂದೆ ತಿರುಗಿಸಿ ಕೂರಿಸುವ ದಪ್ಪ ಗಾಜು. ಸಣ್ಣ ವಿಡಿಯೊ ಕ್ಯಾಮೆರಾದ ಕಿರಿದಾದ ಕಣ್ಣಿಗೆ ಹೆಚ್ಚು ಅಗಲ ಕಾಣಿಸಲೆಂದು ಮಾಡಿದ್ದು. ಡಬ್ಬದ ಮೇಲೆ 'ಪ್ರೊ' ಎಂದಿತ್ತು, 'ಹೆಚ್‌ಡಿ' ಎಂದಿತ್ತು, ಯಾರು ಮಾಡಿದ್ದು ಎಂದು ಮಾತ್ರ ಇರಲಿಲ್ಲ. ದೊಡ್ಡ ಲೆನ್ಸ್ ಮಾಡೋದೆಲ್ಲಾ ಇದೂ ಮಾಡುತ್ತದೆ ಎಂದ ಶಿವಣ್ಣ. ಹಾಗಾದರೆ ದೊಡ್ಡ ಲೆನ್ಸ್ ಯಾಕೆ ಮಾಡುತ್ತಾರೆ ಎಂದು ಕೇಳಿದೆ. ಉತ್ತರ ಬರಲಿಲ್ಲ, ಚಹಾ ಬಂತು.

ಚಹಾ ಮುಗಿಸಿ ಅದನ್ನು ಲೆನ್ಸಿನ ಮುಂದೆ ಕೈಯಲ್ಲೇ ಹಿಡಿದು ರೈಲ್ವೆ ಗೇಟಿನ ಹತ್ತಿರದ ಇಟ್ಟಿಗೆ ಗೋಡೆಯ ಮುಂದೆ ಪರೀಕ್ಷಿಸಿದೆ. ನೀವೂ ಹಾಗೇ ಮಾಡಿ. ನೇರವಾಗಿರುವ ಇಟ್ಟಿಗೆ ಸಾಲು ಅಂಚಿನಲ್ಲಿ ಎಷ್ಟು ಬಾಗುತ್ತದೆ, ಮೂಲೆಯ ಇಟ್ಟಿಗೆ ಎಷ್ಟು ಮಸುಕಾಗುತ್ತದೆ, ನಾಲ್ಕು ಮೂಲೆಯಲ್ಲಿ ಎಷ್ಟು ಕಪ್ಪು ಬರುತ್ತದೆ ಎಂದು ನೋಡಿ. ಸಣ್ಣ ಕಣ್ಣಿಗೆ ಮಾಡಿದ ಗಾಜನ್ನು ದೊಡ್ಡ ಕಣ್ಣಿನ ಮುಂದಿಟ್ಟರೆ ಅದರ ಸುತ್ತಿನ ಲೋಹದ ಗೋಡೆಯೇ ಫೋಟೋದಲ್ಲಿ ಬೀಳುತ್ತದೆ, ಆ ಕಪ್ಪು ಅದೇ. ಜೂಮ್ ಒಳಗೆ ತಳ್ಳಿದರೆ ಕಪ್ಪು ಹೋಗುತ್ತದೆ, ಆದರೆ ಅಗಲವೂ ಹೋಗುತ್ತದೆ. ಹಾಗಾದರೆ ಕೊಂಡದ್ದೇಕೆ? ಶಿವಣ್ಣ ಹೇಳುತ್ತಿದ್ದ ಹಾಗೆ, ಕಪ್ಪು ಹೋಗಿಯೂ ಹೋಗದ ಒಂದು ಜಾಗದಲ್ಲಿ ಜೂಮ್ ನಿಲ್ಲಿಸಿಕೊಳ್ಳಬೇಕು. ನಮ್ಮ ಇಡೀ ಕಸುಬು ಆ ಜಾಗ ಹುಡುಕುವುದೇ ಆಗಿತ್ತು.

ಎಡವಟ್ಟುಗಳಿಗೆ ಕೊರತೆಯಿರಲಿಲ್ಲ. ಮಾಗಡಿ ಕಡೆಯ ಒಂದು ಮದುವೆಯಲ್ಲಿ ಕಾಲುಂಗುರ ತೊಡಿಸುವ ಹೊತ್ತಿಗೆ ಕ್ಯಾಮೆರಾದ ತಲೆಯ ಮೇಲಿನ ಫ್ಲ್ಯಾಶ್ ಹಾಕಿದೆ. ಮುಂದಕ್ಕೆ ಚಾಚಿದ್ದ ಕನ್ವರ್ಟರಿನ ನೆರಳು ಅರ್ಧಚಂದ್ರದ ಹಾಗೆ ಫೋಟೋದ ಕೆಳಭಾಗಕ್ಕೆ ಬಿತ್ತು. ಕಾಲೂ ಇಲ್ಲ, ಉಂಗುರವೂ ಇಲ್ಲ. ಆಲ್ಬಂ ನೋಡಿದ ಅಜ್ಜಿ, "ಗ್ರಹಣದಲ್ಲಿ ಧಾರೆ ಎರೆದಂಗೈತಲ್ಲವ್ವಾ" ಎಂದರು. ಅಂದಿನಿಂದ ಕನ್ವರ್ಟರ್ ಹಾಕಿದ ದಿನ ಆ ಫ್ಲ್ಯಾಶ್ ಮುಟ್ಟಲಿಲ್ಲ.

ಇನ್ನೊಮ್ಮೆ ರೇಷ್ಮೆ ಬೆಳೆಗಾರರೊಬ್ಬರು ತಮ್ಮ ಗೂಡನ್ನು ಹತ್ತಿರದಿಂದ ತೆಗೆದ ಚಿತ್ರ ಬೇಕೆಂದರು. ರಾಮನಗರದ ಮಾರುಕಟ್ಟೆಗೆ ಒಯ್ಯುವ ಮೊದಲು ಗೂಡು ಕೊಂಡು ನೂಲು ಬಿಚ್ಚುವ ಪರಿಚಯದ ರೀಲರ್‌ಗೆ ಫೋನಿನಲ್ಲಿ ಕಳಿಸುವ ಆಸೆ. ವಿಡಿಯೊ ಕ್ಯಾಮೆರಾದ ಕ್ಲೋಸ್‌ಅಪ್ ಗಾಜು ಹಾಕಿ ತೆಗೆದೆ. ಅಗ್ಗದ ಗಾಜು ಬೆಳಕಿನ ಬಣ್ಣಗಳನ್ನು ಒಂದೆಡೆ ಸೇರಿಸಲಾರದೆ ಬಿಳಿ ಗೂಡಿನ ಸುತ್ತ ನೇರಳೆ ಗೆರೆ ಎಳೆಯಿತು. ರೀಲರ್ ಅದನ್ನು ಗೂಡಿನ ಕಲೆ ಎಂದುಕೊಂಡ. ಬೆಳೆಗಾರರು ನನ್ನನ್ನು ಬೈದರು, ನಾನು ಶಿವಣ್ಣನನ್ನು ಬೈದೆ, ಶಿವಣ್ಣ ಸಂತೆಯವನನ್ನು ಬೈದ. ಸಂತೆಯವನು ಯಾವತ್ತೂ ಎದುರಿಗೆ ಇರುವುದಿಲ್ಲ. ಅವನ ವ್ಯಾಪಾರದ ಬಲ ಇರುವುದೇ ಅಲ್ಲಿ.

ಈಗ, ಈ ಎಡವಟ್ಟುಗಳಿಗಿಂತ ಮೊದಲಿನ ರಿಂಗಿನ ವಿಷಯ. ಕನ್ವರ್ಟರಿನ ಮರೆ, ಅಂದರೆ ತಿರುಗಿಸಿ ಕೂರಿಸುವ ಸುರುಳಿ ಗೆರೆ, ಒಂದು ಅಳತೆ, ನಮ್ಮ ಲೆನ್ಸಿನ ಮರೆ ಇನ್ನೊಂದು. ನಡುವೆ ಜೋಡಿಸುವ ಲೋಹದ ರಿಂಗು ಆ ಅಳತೆಗೆ ಎಲ್ಲೂ ಸಿಗಲಿಲ್ಲ. ಬೇರೆ ಊರಿನವರಾಗಿದ್ದರೆ ಸುಮ್ಮನಾಗುತ್ತಿದ್ದರು. ನಮ್ಮದು ಚನ್ನಪಟ್ಟಣ, ಬೀದಿಗೊಬ್ಬರು ಮರ ಕಡೆಯುವವರು. ಬೊಂಬೆ ಮಾಡುವ ಬಾಷಾ ಎಂಬುವವನ ಬಳಿ ಶಿವಣ್ಣ ಹೋದ. "ವಿಮಾನಕ್ ಬೇಕಾದ್ರೂ ರಿಂಗ್ ಹಾಕ್ಕೊಡ್ತೀನಿ ಶಿವಣ್ಣ, ಅಳತೆ ಒಂದು ಕೊಡು" ಎಂದ ಬಾಷಾ. ಬೊಂಬೆಗೆ ಬಳಸುವ ಆಲೆ ಮರವನ್ನು ಬಳೆಯಂತೆ ಕಡೆದು, ಎರಡು ಕಡೆಗೂ ಹಳೇ ಫಿಲ್ಟರುಗಳ ಲೋಹದ ಮರೆಗಳನ್ನು ಅರಗಿನಿಂದ ಅಂಟಿಸಿದ. ಅಭ್ಯಾಸ ಬಲದಿಂದ ಕೆಂಪು, ಹಳದಿ ಪಟ್ಟೆಯನ್ನೂ ಹಾಕಿದ. ಕ್ಯಾಮೆರಾ ಮೂತಿಗೆ ಬುಗುರಿ ಕಚ್ಚಿಸಿದಂತೆ ಕಾಣುತ್ತಿತ್ತು. ಆದರೆ ಗಟ್ಟಿಯಾಗಿ ಕೂತಿತು. ನಾನು ಇಟ್ಟಿಗೆ ಗೋಡೆಗೆ ಹೋಗಿ ನೋಡಿದೆ, ಪರವಾಗಿಲ್ಲ ಎನಿಸಿತು.

ಗೋಡೆಯ ಮುಂದೆ ನಿಂತಾಗ ನಾನು ಅನುಮಾನಿಸದೆ ಹೋದದ್ದು ಒಂದನ್ನು, ಬಿಸಿಲನ್ನು. ಒಂದು ಬೇಸಿಗೆ ಮದುವೆಗೆ ಹೋಗುವಾಗ ಕಾರಿನ ಗಾಜಿನ ಹಿಂದೆ ಕನ್ವರ್ಟರ್ ಬಿಸಿಲಿಗೆ ಬಿದ್ದಿತ್ತು. ಅರಗು ಮೆತ್ತಗಾಯಿತು, ದಪ್ಪ ಗಾಜಿನ ಭಾರಕ್ಕೆ ರಿಂಗು ಒಂದು ಕಡೆಗೆ ವಾಲಿತು, ನೆರಳಿಗೆ ಬಂದಾಗ ಹಾಗೇ ಗಟ್ಟಿಯಾಯಿತು. ಕಣ್ಣಿಗೆ ಕಾಣದಷ್ಟು ಸಣ್ಣ ವಾಲು. ಆಮೇಲೆ ಬಾಷಾನನ್ನು ಕೇಳಿದಾಗ, "ಬೊಂಬೆನ ಯಾರಾದ್ರೂ ಕಾರಲ್ಲಿಟ್ಟು ಬೇಯಿಸ್ತಾರಾ?" ಎಂದು ನನ್ನನ್ನೇ ಕೇಳಿದ.

ಅಂದಿನ ಮದುವೆ ಲಿಂಗಣ್ಣನವರ ಹಿರಿಮಗಳು ಸೌಮ್ಯಳದು. ಲಿಂಗಣ್ಣ ದೊಡ್ಡಮಳೂರಿನ ಕಡೆಯ ಒಕ್ಕಲು, ನಾಲ್ಕು ಜನರಲ್ಲಿ ಮಾತು ನಡೆಯುವ ಮನುಷ್ಯ. ಅವರ ಹೆಂಡತಿಯ ಅಣ್ಣ ಮರಿಗೌಡರು ಮರಳವಾಡಿ ಕಡೆಯವರು. ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ಕರೆತರುವುದು ಸೋದರಮಾವನ ಹಕ್ಕು ತಾನೇ, ಅವರೇ ಕರೆತಂದರು. ಸೌಮ್ಯ ನೀಳವಾದ ಹುಡುಗಿ. ಅವಳ ಭುಜದಷ್ಟೇ ಎತ್ತರದ ಮರಿಗೌಡರು ಹೊಸ ವಲ್ಲಿ ಹೊದ್ದು ಮುಂದೆ ಮುಂದೆ ನಡೆದುಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಭಾವ ಭಾವಮೈದುನರ ನಡುವೆ ಮಾತು ಸರಿಯಿರಲಿಲ್ಲ ಎಂಬುದು ಮಾತ್ರ ಆಗ ಗೊತ್ತಿರಲಿಲ್ಲ. ಗಂಡು ಗೊತ್ತು ಮಾಡುವ ಮೊದಲು ನನ್ನನ್ನು ಒಂದು ಮಾತು ಕೇಳಲಿಲ್ಲ ಎಂದು ಮರಿಗೌಡರು ವೀಳ್ಯದ ದಿನ ಎಲ್ಲರೆದುರು ಅಂದುಬಿಟ್ಟಿದ್ದರಂತೆ.

ಊಟಕ್ಕೆ ಮೊದಲು ದೊಡ್ಡ ಗ್ರೂಪ್ ಫೋಟೋ. ಜನರನ್ನು ನಿಲ್ಲಿಸುವುದು ಶಿವಣ್ಣನ ಕೆಲಸ, ಒತ್ತುವುದು ನನ್ನದು. ಉದ್ದ ಇರುವವರು ಹಿಂದಿನ ಸಾಲಿನ ಎರಡು ತುದಿಗೆ ಎಂಬುದು ಅವನ ನಿಯಮ. ಕಿಂಡಿಯಲ್ಲಿ ಎಲ್ಲರೂ ಕಂಡರು, ಒತ್ತಿದೆ. ಅಗ್ಗದ ಕ್ಯಾಮೆರಾದ ಕಿಂಡಿ ಫೋಟೋದ ಅಂಚುಗಳನ್ನು ಪೂರ್ತಿ ತೋರಿಸುವುದಿಲ್ಲ ಎಂಬುದನ್ನು ಹೊಸಬರು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು. ಫೋಟೋದಲ್ಲಿ ಮೂರು ಮೂಲೆ ಸರಿಯಾಗಿದ್ದವು. ಬಲಮೂಲೆಯಲ್ಲಿ ದಟ್ಟ ಕತ್ತಲೆ, ಅದರಿಂದ ಹೊರಗೆ ಮರಿಗೌಡರ ಅರ್ಧ ವಲ್ಲಿ, ಒಂದು ಮೊಣಕೈ.

ಫೈಲುಗಳು ಬೆಂಗಳೂರಿನ ಆಲ್ಬಂ ಡಿಸೈನರ್‌ಗೆ ಹೋದವು. ಅವನು ಇವರ್ಯಾರನ್ನೂ ಕಂಡವನಲ್ಲ. ಮೂಲೆಯಲ್ಲಿ ಕಪ್ಪು ಇದೆ, ಅಂದಗೆಟ್ಟಿದೆ ಎಂದು ಅದರ ಮೇಲೆ ದೊಡ್ಡದೊಂದು ಗುಲಾಬಿ ಗೊಂಚಲು ಕೂರಿಸಿ ಅಚ್ಚು ಹಾಕಿಸಿದ. ಬದುಕಿರುವ ಮನುಷ್ಯನ ಫೋಟೋ ಮೇಲೆ ಹೂವು. ಆಲ್ಬಂ ಮರಿಗೌಡರ ಮನೆಗೂ ಒಂದು ಪ್ರತಿ ಹೋಯಿತು. ಬೇಕೆಂದೇ ಅಳಿಸಿದ್ದಾರೆ ಎಂದುಕೊಂಡು ಆಮೇಲೆ ಅವರು ತಂಗಿಯ ಮನೆಯ ಹೊಸಿಲು ತುಳಿಯಲಿಲ್ಲ.

ಇದೆಲ್ಲ ನನಗೆ ತಿಳಿದದ್ದು ಮರುವರ್ಷ, ಎರಡನೆಯ ಮಗಳು ಕಾವ್ಯಳಿಗೆ ಗಂಡು ಗೊತ್ತಾದಾಗ. ಮಾವ ಮದುವೆಗೆ ಬರುವುದಿಲ್ಲ ಎಂದಿದ್ದರು. ದೂರದ ಸಂಬಂಧದ ಇನ್ನೊಬ್ಬ ಮಾವ ಇದ್ದಾನೆ, ಅವನು ಕೈಹಿಡಿದು ಕರೆತಂದರೆ ಸಾಕು ಎಂದು ಲಿಂಗಣ್ಣ ತೀರ್ಮಾನಿಸಿದ್ದರು. ಕಾವ್ಯ ನೇರವಾಗಿ ಸ್ಟುಡಿಯೋಗೆ ಬಂದಳು.

"ಅಕ್ಕಾ, ಫೋಟೋ ತೆಗೆದೋಳು ನೀನು. ಮಾವನ ತಾವ ಹೋಗಿ ಹೇಳೋಳೂ ನೀನೇ."

ಅಪ್ಪ ಹೋಗಿ ಹೇಳಲಿಲ್ಲವಾ ಎಂದೆ.

"ಹೇಳವ್ರೆ. ನಿಂಗೆ ಅನುಮಾನದ ಕಾಯಿಲೆ ಅಂತ ಮಾವಂಗೇ ಹೇಳ್ಬುಟ್ಟು ಬಂದವ್ರೆ." ಅವಳು ಕೂರಲೂ ಇಲ್ಲ. "ಮಾವ ಕೈ ಹಿಡೀದೆ ನಾನು ಮಂಟಪಕ್ಕೆ ಹೋಗಾಕಿಲ್ಲ. ಬರೀ ಮಾತಿಗೆ ಅಲ್ಲ, ನಿಜವಾಗ್ಲೂ ಹೋಗಾಕಿಲ್ಲ."

ವಾದ ಮಾಡಿ ಗೆಲ್ಲಬೇಕಾದ ವಿಷಯ ಇದಕ್ಕಿಂತ ಸ್ಪಷ್ಟವಾಗಿ ನನಗೆ ಯಾವತ್ತೂ ಸಿಕ್ಕಿರಲಿಲ್ಲ. ಕ್ಯಾಮೆರಾ, ಕನ್ವರ್ಟರ್, ವಾಲಿದ ಬುಗುರಿ ರಿಂಗು, ಎಲ್ಲವನ್ನೂ ಚೀಲಕ್ಕೆ ತುಂಬಿ ಮರಳವಾಡಿಗೆಂದು ಕನಕಪುರದ ಬಸ್ಸು ಹತ್ತಿದೆ.

ಮರಿಗೌಡರು ರೇಷ್ಮೆ ಹುಳು ಮನೆಯಲ್ಲಿ ಸೊಪ್ಪು ಹರಡುತ್ತಿದ್ದರು. ಯಾರು, ಎಲ್ಲಿಂದ ಎಂದು ಹೇಳಿಕೊಂಡೆ. ಕೈ ತೊಳೆದುಕೊಂಡು ಬಂದು ಜಗಲಿಯಲ್ಲಿ ಕೂತು, ಹೆಂಡತಿಯಿಂದ ಆಲ್ಬಂ ತರಿಸಿ ಆ ಹಾಳೆಯನ್ನು ನನ್ನ ಮುಂದೆ ಬಿಚ್ಚಿಟ್ಟರು.

"ಓದಿದೋಳು ನೀನು, ನೀನೇ ಹೇಳು. ಇದು ಏನು?"

ಗುಲಾಬಿ ಎಂದೆ. ಡಿಸೈನರ್ ಯಾಕೆ ಹಾಕಿದ ಎಂದು ವಿವರಿಸಿದೆ. ಕತ್ತಲೆ ಗಾಜಿನ ದೋಷ ಎಂದೆ.

"ಈ ಕಡೆ ಮೂಲೇಲಿ ಗಂಡಿನ ಕಡೆಯೋನು ನಿಂತವ್ನೆ. ಅವನ ಹಲ್ಲೆಲ್ಲಾ ಕಾಣ್ತಾವೆ. ನಿನ್ನ ಗಾಜಿಗೂ ಪಕ್ಷಪಾತ ಐತಾ?"

ಇದು ನ್ಯಾಯವಾದ ಪ್ರಶ್ನೆ. ಗಾಜು ಚಿಕ್ಕದಾದರೆ ನಾಲ್ಕೂ ಮೂಲೆ ಕಪ್ಪಾಗಬೇಕು, ಒಂದೇ ಯಾಕೆ? ನಾನು ಕಾದಿದ್ದೇ ಇದಕ್ಕೆ. ಅವರನ್ನು ಜಗಲಿಯ ಕಂಬದ ಪಕ್ಕ ನಿಲ್ಲಿಸಿ, ಹತ್ತಿರದಿಂದ ಒಂದು, ಅಂಗಳದ ಮಧ್ಯದಿಂದ ಒಂದು, ಹುಲ್ಲಿನ ಮೆದೆಯ ಹತ್ತಿರದಿಂದ ಒಂದು ತೆಗೆದು ಹಿಂದಿನ ಪರದೆಯಲ್ಲಿ ತೋರಿಸಿದೆ. ಒಂದರಲ್ಲಿ ಕತ್ತಲೆ ಕೆಳಗೆ ಎಡಕ್ಕೆ, ಇನ್ನೊಂದರಲ್ಲಿ ಮೇಲೆ ಎಡಕ್ಕೆ, ಮತ್ತೊಂದರಲ್ಲಿ ಬಲಕ್ಕೆ. ನಮ್ಮ ಲೆನ್ಸು ಫೋಕಸ್ ಮಾಡುವಾಗ ಮೂತಿ ತಿರುಗಿಸುತ್ತದೆ. ಮೂತಿಗೆ ಕಚ್ಚಿದ ವಾಲಿದ ರಿಂಗೂ ತಿರುಗುತ್ತದೆ, ಅದರ ಜೊತೆ ಕತ್ತಲೆಯೂ. ಎಷ್ಟು ದೂರದಲ್ಲಿ ನಿಂತರೆ ಯಾವ ಮೂಲೆ ಮುಳುಗುತ್ತದೆ ಎಂದು ಅಂದು ನನಗೇ ಗೊತ್ತಿರಲಿಲ್ಲ. ಹಾಗಿರುವಾಗ ಇದನ್ನು ಯಾರಾದರೂ ಬೇಕೆಂದೇ ಮಾಡುವುದು ಹೇಗೆ ಸಾಧ್ಯ? ನಾನು ನನ್ನ ವಾದವನ್ನು ಹೀಗೆ ಮುಗಿಸಿದೆ. ಸ್ಪರ್ಧೆಯಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು.

ಮರಿಗೌಡರು ಕ್ಯಾಮೆರಾ ಇಸಿದುಕೊಂಡರು. ಹೆಂಡತಿಯನ್ನು ನಿಲ್ಲಿಸಿ ತಾವೇ ಹಿಂದೆ ಮುಂದೆ ಓಡಾಡಿ ತೆಗೆದು ನೋಡಿದರು. ಕತ್ತಲೆ ಮೂಲೆಯಿಂದ ಮೂಲೆಗೆ ಹೋಗುವುದನ್ನು ಕಂಡರು. ಮೆಲ್ಲಗೆ ಕ್ಯಾಮೆರಾ ಕೆಳಗಿಟ್ಟರು.

"ಸರಿ ಕಣವ್ವ. ಗಾಜು ವಾಲಿತ್ತು, ಕತ್ಲೆ ತಾನಾಗೇ ಬಿತ್ತು. ಒಪ್ಕಂಡೆ." ವಲ್ಲಿಯಿಂದ ಮುಖ ಒರೆಸಿಕೊಂಡರು. "ಹೆಣ್ಣಿನ ಕೈ ಹಿಡ್ದು ಮಂಟಪಕ್ಕೆ ತಂದೋನು ನಾನು. ನನ್ನ ಆ ಮೂಲೇಗೆ ನಿಲ್ಸಿದ್ದು ಯಾರು? ಅದೂ ಗಾಜಾ?"

ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡೆ. ಅವರ ಹೆಂಡತಿ ತಂದ ಮಜ್ಜಿಗೆ ಕುಡಿದು ಬಸ್ಸಿಗೆ ಬಂದೆ.

ಬಸ್ಸಿನಲ್ಲಿ ಸಿಟ್ಟು ಬಂತು. ಮರಿಗೌಡರ ಮೇಲಲ್ಲ. ನಾನು ಇಷ್ಟು ದಿನ ಗಾಜನ್ನು ಅನುಮಾನಿಸಿದೆ, ಡಬ್ಬವನ್ನು ಅನುಮಾನಿಸಿದೆ, ಕಿಂಡಿಯನ್ನು ಅನುಮಾನಿಸಿದೆ. ಗಾಜಿನ ಮುಂದೆ ಜನರನ್ನು ಅಲ್ಲಿ ಇಲ್ಲಿ ಸರಿಸುವ ಕೈಯನ್ನು ಒಮ್ಮೆಯೂ ಅನುಮಾನಿಸಿರಲಿಲ್ಲ.

ಶಿವಣ್ಣ ಅಂಗಡಿಯಲ್ಲಿ ಲೆನ್ಸ್ ಒರೆಸುತ್ತಿದ್ದ. ಸೌಮ್ಯಳ ಮದುವೆಯಲ್ಲಿ ಮರಿಗೌಡರನ್ನು ತುದಿಗೆ ಯಾಕೆ ನಿಲ್ಲಿಸಿದೆ ಎಂದು ಕೇಳಿದೆ.

"ನಮ್ ರೂಲ್ಸು ನಿಂಗೊತ್ತಲ್ಲ. ಉದ್ದ ಇರೋರು ತುದೀಗೆ."

"ಅವರು ಸೌಮ್ಯನ ಭುಜಕ್ಕೆ ಬರ್ತಾರೆ, ಶಿವಣ್ಣ."

ಶಿವಣ್ಣ ಒರೆಸಿದ ಗಾಜನ್ನೇ ಇನ್ನೊಮ್ಮೆ ಒರೆಸಿದ. ಬೆಳಕಿಗೆ ಹಿಡಿದು ನೋಡಿದ. ಆಮೇಲೆ, ಗಿರಾಕಿ ಹೇಳಿದ ಕಡೆ ನಿಲ್ಲಿಸೋದು ನಮ್ಮ ಕೆಲಸ ಎಂದ. ಯಾವ ಗಿರಾಕಿ ಎಂದೆ. ಲಿಂಗಣ್ಣ ಕಿವಿಯ ಹತ್ತಿರ ಬಂದು, "ಅವನ್ನ ಒಸಿ ಆ ಕಡೆಗಾಕಪ್ಪ" ಎಂದಿದ್ದರಂತೆ. ಅಷ್ಟೇ. ಕತ್ತಲೆ ಬೀಳುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ ಎಂದು ಶಿವಣ್ಣ ಆಣೆಯಿಟ್ಟ. ಆಣೆಯನ್ನು ನಾನು ಸಾಕ್ಷ್ಯ ಎಂದು ಒಪ್ಪುವುದಿಲ್ಲ, ಆದರೆ ಅದನ್ನು ಸುಳ್ಳು ಎನ್ನಲು ನನ್ನಲ್ಲಿ ಆಧಾರವೂ ಇರಲಿಲ್ಲ. ಕತ್ತಲೆ ಇರಲಿ ಬಿಡಲಿ, ಮದುಮಗಳ ಪಕ್ಕ ನಿಲ್ಲಬೇಕಾದ ಮನುಷ್ಯನನ್ನು ತುದಿಗೆ ತಳ್ಳಿದ್ದು ನಿಜ.

ಮರುದಿನ ಮರಿಗೌಡರಿಗೆ ಫೋನ್ ಮಾಡಿದೆ. ಶಿವಣ್ಣ ಬೇಡ ಎಂದಿದ್ದ, ಗಿರಾಕಿ ಕೈತಪ್ಪುತ್ತಾನೆ ಎಂದಿದ್ದ. ನಾನು ಹೇಳಿದ್ದು ಇಷ್ಟೇ: ಕತ್ತಲೆ ಗಾಜಿನದು, ಹೂವು ಡಿಸೈನರದು, ಮೂಲೆ ನಿಮ್ಮ ಭಾವನದು. ನೀವು ಅನುಮಾನಪಟ್ಟದ್ದು ಸರಿ.

ಹುಳು ಮನೆಯಲ್ಲಿದ್ದರೇನೋ, ಸೊಪ್ಪು ಮೇಯುವ ಸದ್ದು ಮಳೆಯ ಹಾಗೆ ಕೇಳುತ್ತಿತ್ತು.

"ಒಂದು ವರ್ಷದಿಂದ ಎಲ್ಲಾ ನಂಗೆ ಕಾಯಿಲೆ ಅಂದ್ರು" ಎಂದರು. "ಕಾಯಿಲೆ ಅಲ್ಲ ಅಂತ ಒಬ್ರಾದ್ರೂ ಅಂದ್ರಲ್ಲ, ಸಾಕು. ಮಗಿಗೆ ಹೇಳು, ಬತ್ತೀನಿ."

ಬಂದರು. ಕಾವ್ಯಳ ಕೈಹಿಡಿದು ಮಂಟಪಕ್ಕೆ ಕರೆತಂದರು. ಲಿಂಗಣ್ಣ ಎದುರಿಗೆ ಬಂದು, ಬಾ ಮರಿಗೌಡ ಎಂದರು. ಬಂದಿದ್ದೀನಿ ಭಾವ ಎಂದರು ಇವರು.

ಅಂದು ನಾನು ಕನ್ವರ್ಟರ್ ತಂದಿರಲಿಲ್ಲ. ಬರೀ ಲೆನ್ಸು, ಹಿಂದಕ್ಕೆ ಹೋಗಲು ಜಾಗವಿದ್ದ ದೊಡ್ಡ ಛತ್ರ. ಆದರೆ ಸುದ್ದಿ ನನಗಿಂತ ಮೊದಲು ಬಂದಿತ್ತು. ಈ ಸ್ಟುಡಿಯೋದವರ ಕ್ಯಾಮೆರಾದಲ್ಲಿ ತುದಿಗೆ ನಿಂತವರು ಮಾಯವಾಗುತ್ತಾರೆ, ಆಮೇಲೆ ಮೇಲೆ ಹೂ ಹಾಕುತ್ತಾರೆ ಎಂದು ಎರಡೂ ಕಡೆಯ ನೆಂಟರಿಗೆ ಗೊತ್ತಾಗಿತ್ತು. ಗ್ರೂಪ್ ಫೋಟೋಗೆ ಕರೆದರೆ ಒಬ್ಬರೂ ತುದಿಗೆ ನಿಲ್ಲಲೊಲ್ಲರು. ಎಲ್ಲರೂ ಮಧ್ಯಕ್ಕೆ ನುಗ್ಗಿ ಸಂತೆಯಲ್ಲಿ ಮೂಟೆ ಒಟ್ಟಿದಂತೆ ನಿಂತರು. ಇವತ್ತು ಆ ಗಾಜಿಲ್ಲ ಎಂದು ಲೆನ್ಸ್ ಎತ್ತಿ ತೋರಿಸಿದೆ. ಅವತ್ತೂ ಹಿಂಗೇ ಅಂದಿರ್ತೀಯಾ ಎಂದಳು ಗಂಡಿನ ಚಿಕ್ಕಮ್ಮ.

ಆಗ ಮರಿಗೌಡರು ಗುಂಪಿನಿಂದ ಹೊರಬಂದು ಬಲತುದಿಗೆ ಹೋಗಿ ನಿಂತು ವಲ್ಲಿ ಸರಿಮಾಡಿಕೊಂಡರು.

"ನಾನ್ ನಿಲ್ತೀನಿ ಬುಡಿ. ನಂಗೆ ಅಭ್ಯಾಸ ಐತೆ."

ಕೆಲವರು ನಕ್ಕರು. ಲಿಂಗಣ್ಣ ನಗಲಿಲ್ಲ. ಮಧ್ಯದಲ್ಲಿದ್ದ ಕಾವ್ಯ ಹಾರ ಹಿಡಿದುಕೊಂಡು ನಡೆದು ಹೋಗಿ ಮಾವನ ಪಕ್ಕ ನಿಂತಳು. ಗಂಡಿಗೆ ಏನೂ ಅರ್ಥವಾಗದೆ, ಹೆಂಡತಿ ಹೋದ ಕಡೆ ತಾನೂ ಹೋದ. ಗಂಡಿನ ಅಪ್ಪ ಅಮ್ಮ ಮಗನ ಹಿಂದೆ ಹೋದರು. ಸೌಮ್ಯ ಹೋದಳು, ಅವಳಮ್ಮ ಅಣ್ಣನ ಪಕ್ಕಕ್ಕೆ ಹೋದರು. ವೇದಿಕೆಯ ಮೇಲಿನ ಜನವೆಲ್ಲ ಬಲಕ್ಕೆ ಹರಿದು ಮರಿಗೌಡರ ಆ ಕಡೆಗೂ ತುಂಬಿಕೊಂಡಿತು. ಶಿವಣ್ಣ ಯಾರನ್ನೂ ಮುಟ್ಟಲಿಲ್ಲ, ಕೈಕಟ್ಟಿಕೊಂಡು ನನ್ನ ಪಕ್ಕ ನಿಂತಿದ್ದ. ನಾನು ಕ್ಯಾಮೆರಾ ಎತ್ತಿಕೊಂಡು ಬಲಕ್ಕೆ ಸರಿದೆ.

ಕಿಂಡಿಯಲ್ಲಿ ನೋಡಿದರೆ ಮರಿಗೌಡರು ನಡುವಿನಲ್ಲಿದ್ದರು. ಲಿಂಗಣ್ಣ ನಿಂತ ಜಾಗ ಬಿಟ್ಟು ಅಲುಗಿರಲಿಲ್ಲ. ಈಗ ಎಡಗಡೆಯ ಕೊನೆ ಅವರೇ.

"ನಾನು ಕಾಣ್ತಿದೀನೇನವ್ವ?" ಎಂದು ಲಿಂಗಣ್ಣ ಅಲ್ಲಿಂದಲೇ ಕೇಳಿದರು.

ಕಾಣ್ತಿದೀರ ಎಂದೆ.

ನಂಬಲಿಲ್ಲ. ಒಂದು ಹೆಜ್ಜೆ ಒಳಕ್ಕೆ ಬಂದರು.

"ಈಗ?"